‘ನೀನು ಅಲ್ಲಿರಬೇಕಿತ್ತು’ ಎಂದ ಅಪ್ಪನಿಗೆ

ಪ್ರಶ್ನೆ: ಮೂರು ದಶಕಗಳಿಂದ ನಾನು ಸರ್ಜನ್. ಮಗಳು ಮೆಡಿಸಿನ್‌ನಲ್ಲಿ ಪಿ.ಜಿ. ಮಾಡುತ್ತಿದ್ದಾಳೆ. ಡ್ಯೂಟಿ ಮುಗಿದರೆ ಸಾಕು, ರೋಗಿಗಳನ್ನು ಮುಂದಿನ ಪಾಳಿಯವರಿಗೆ ಒಪ್ಪಿಸಿ ಹೊರಟುಬಿಡುತ್ತಾಳೆ. ಆಮೇಲೆ ವಾರ್ಡಿನಿಂದ ಫೋನ್ ಬಂದರೂ ಎತ್ತುವುದಿಲ್ಲ. ನಾವು ಹಾಗೆ ಕಲಿತವರಲ್ಲ. ಈಚೆಗೆ, ಅವಳು ಹಲವು ದಿನ ನೋಡಿಕೊಂಡಿದ್ದ ವೃದ್ಧೆಯೊಬ್ಬರು ಅವಳು ಮನೆಗೆ ಬಂದ ರಾತ್ರಿಯೇ ತೀರಿಕೊಂಡರು. ‘ನೀನು ಅಲ್ಲಿರಬೇಕಿತ್ತು. ಡಾಕ್ಟರ್ ಕೆಲಸ ಗುಮಾಸ್ತಿಕೆಯಲ್ಲ’ ಎಂದೆ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಾನು ಹೇಳಿದ್ದು ತಪ್ಪೇ?

ಉತ್ತರ: ಹೌದು ಡಾಕ್ಟರೇ, ತಪ್ಪು. ಆ ಮಾತಿನ ಹಿಂದಿದ್ದ ಕಾಳಜಿಯನ್ನು ಮಾತ್ರ ನಾನು ಗೌರವಿಸುತ್ತೇನೆ.

ಆ ಬೆಳಿಗ್ಗೆ ನಿಮ್ಮ ಮಗಳು ತನ್ನ ರೋಗಿಯೊಬ್ಬರನ್ನು ಕಳೆದುಕೊಂಡಿದ್ದಳು. ಆ ದುಃಖ ಎಂಥದು ಎಂಬುದು ಮನೆಯಲ್ಲಿ ನಿಮ್ಮಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಆದರೆ ನಿಮ್ಮ ಪತ್ರದಲ್ಲಿ ಆ ಅಜ್ಜಿಗೆ ಏನಾಗಿತ್ತು, ರಾತ್ರಿ ಅವರನ್ನು ನೋಡಿದವರು ಯಾರು, ಅವಳು ಅಲ್ಲಿದ್ದಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ, ಇದರ ಬಗ್ಗೆ ಒಂದಕ್ಷರವೂ ಇಲ್ಲ. ಬಹುಶಃ ನೀವು ಕೇಳಲೇ ಇಲ್ಲ. ವಿಚಾರಿಸುವ ಮೊದಲೇ ತೀರ್ಪು ಕೊಟ್ಟಿರಿ. ಅವಳಿಗೆ ನೋವಾಗಿರುವುದು ಅದರಿಂದ ಎಂದು ನನ್ನ ಅನಿಸಿಕೆ.

ಇನ್ನು ಡ್ಯೂಟಿಯ ಪ್ರಶ್ನೆ. ನೀವು ಕಲಿತ ಪದ್ಧತಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ರೂಪುಗೊಂಡದ್ದು. ತರಬೇತಿಯ ವೈದ್ಯರು ಆಸ್ಪತ್ರೆಯಲ್ಲೇ ವಾಸ ಮಾಡಬೇಕಿತ್ತು. ಅದರಿಂದ ಅಪ್ರತಿಮ ಸರ್ಜನ್‌ಗಳು ಬಂದರು, ನಿಜ. ಆದರೆ ನಿದ್ದೆಗೆಟ್ಟ ವೈದ್ಯರ ಕೈಯಲ್ಲಿ ರೋಗಿ ಎಷ್ಟು ಸುರಕ್ಷಿತ ಎಂದು ಬಹುಕಾಲ ಯಾರೂ ಕೇಳಲಿಲ್ಲ. 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟರ ಹುಡುಗಿ ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ, ದೀರ್ಘ ಪಾಳಿಯಲ್ಲಿದ್ದ ಕಿರಿಯ ವೈದ್ಯರ ನಿಗಾದಲ್ಲಿ ತೀರಿಕೊಂಡಾಗ ಆ ಪ್ರಶ್ನೆ ಎದ್ದಿತು. 1989ರಲ್ಲಿ ಆ ರಾಜ್ಯ ಕಿರಿಯ ವೈದ್ಯರ ಕೆಲಸವನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೀವ್ರ ನಿಗಾ ಘಟಕದಲ್ಲಿ ದೀರ್ಘ ಪಾಳಿ ಮಾಡಿದ ಇಂಟರ್ನ್‌ಗಳಿಂದ ಗಂಭೀರ ತಪ್ಪುಗಳು 36% ಹೆಚ್ಚು ಆಗಿದ್ದವು. ವೈದ್ಯರು ತಮ್ಮ ಆರೋಗ್ಯವನ್ನೂ ನೋಡಿಕೊಳ್ಳಬೇಕು ಎಂಬ ಸಾಲು 2017ರಲ್ಲಿ ವೈದ್ಯರು ಸ್ವೀಕರಿಸುವ ಜಿನೀವಾ ಪ್ರತಿಜ್ಞೆಯೊಳಗೇ ಸೇರಿತು. ಮನೆಗೆ ಹೋಗಿ ಮಲಗುವ ಮಗಳು ಪ್ರತಿಜ್ಞೆ ಮುರಿಯುತ್ತಿಲ್ಲ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಕೇಳುತ್ತೇನೆ. ನೀವು ಹಗಲುರಾತ್ರಿ ವಾರ್ಡಿನಲ್ಲಿದ್ದ ಆ ವರ್ಷಗಳಲ್ಲಿ ಮನೆ, ಮಗು, ವಯಸ್ಸಾದ ತಂದೆತಾಯಿಯನ್ನು ನೋಡಿಕೊಂಡವರು ಯಾರು? ನಿಮ್ಮ ತಲೆಮಾರಿನ ಎಷ್ಟೋ ವೈದ್ಯರ ಸೇವೆಯ ಹಿಂದೆ ಇನ್ನೊಬ್ಬರ ದುಡಿಮೆ ಇತ್ತು. ನಿಮ್ಮ ಮಗಳಿಗೆ ಆ ಆಸರೆ ಸಿಗುತ್ತದೆ ಎಂಬ ಖಾತರಿ ಏನಿದೆ?

ಹಾಗೆಂದು ಎಲ್ಲದರಲ್ಲೂ ಅವಳದೇ ಸರಿ ಎನ್ನಲಾರೆ. ಫೋನಿನ ವಿಷಯದಲ್ಲಿ ನಾನು ಅರ್ಧ ನಿಮ್ಮ ಕಡೆ. ನಿದ್ದೆಯಲ್ಲಿದ್ದರೆ ಬೇರೆ ಮಾತು. ಎಚ್ಚರವಿದ್ದಾಗ, ತನಗೆ ಮಾತ್ರ ಗೊತ್ತಿರುವ ಸಂಗತಿಯೊಂದನ್ನು ಸಹೋದ್ಯೋಗಿ ಕೇಳಿದರೆ ಎರಡು ನಿಮಿಷ ಉತ್ತರಿಸುವುದು ರೋಗಿಗೆ ಸಲ್ಲಬೇಕಾದದ್ದು. ಗಂಟೆ ಕಡಿಮೆ ಮಾಡಿದರೆ ಸಾಕು ಎಂಬ ನಂಬಿಕೆಯೂ ಪೂರ್ತಿ ನಿಂತಿಲ್ಲ. ಪಾಳಿಯ ಅವಧಿಯ ಮಿತಿಯನ್ನು ಸಡಿಲಿಸಿ ಅಮೆರಿಕದಲ್ಲಿ ನಡೆಸಿದ ದೊಡ್ಡ ಪರೀಕ್ಷೆಗಳಲ್ಲಿ ರೋಗಿಗಳ ಸಾವಿನ ಪ್ರಮಾಣ ಹೆಚ್ಚಲಿಲ್ಲ. ಪಾಳಿ ಚಿಕ್ಕದಾದಷ್ಟೂ ರೋಗಿ ಹೆಚ್ಚು ಕೈ ಬದಲಾಗುತ್ತಾನೆ, ಪ್ರತಿ ಸಲವೂ ಏನಾದರೂ ಬಿಟ್ಟುಹೋಗುವ ಅಪಾಯವಿದೆ. ಒಪ್ಪಿಸುವ ಕ್ರಮವನ್ನು ಶಿಸ್ತಿಗೆ ತಂದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ವೈದ್ಯಕೀಯ ತಪ್ಪುಗಳು 23% ಇಳಿದವೆಂದು 2014ರ ವರದಿ ಹೇಳುತ್ತದೆ.

ನಿಮ್ಮ ಅನುಭವಕ್ಕೆ ಬೆಲೆ ಬರುವುದು ಇಲ್ಲೇ. ‘ಈ ರೋಗಿ ನನ್ನ ಹೊಣೆ’ ಎಂಬ ಭಾವ ನಿಮ್ಮಲ್ಲಿ ಗಟ್ಟಿಯಾಗಿದೆ. ಅದನ್ನು ರಾತ್ರಿಯಿಡೀ ಅಲ್ಲೇ ನಿಂತು ತೋರಿಸಬೇಕಿಲ್ಲ. ಈ ರಾತ್ರಿ ಏನು ಕೆಡಬಹುದು, ಕೆಟ್ಟರೆ ಮೊದಲು ಏನು ಮಾಡಬೇಕು, ಮನೆಯವರಿಗೆ ಏನು ಹೇಳಿಯಾಗಿದೆ, ಯಾರಿಗೆ ತಿಳಿಸಬೇಕು ಎಂದೆಲ್ಲ ಮುಂಗಾಣುವ ಕಣ್ಣು ನಿಮಗಿದೆ. ಪಿ.ಜಿ. ಮಾಡುತ್ತಿರುವವರಿಗೆ ಅದು ಇನ್ನೂ ಬೆಳೆಯುತ್ತಿರುತ್ತದೆ.

ಕಲಿಸುವ ಮೊದಲು ಕ್ಷಮೆ ಕೇಳಿ. ‘ಗುಮಾಸ್ತಿಕೆ ಎಂದದ್ದು ತಪ್ಪಾಯಿತು’ ಎಂದು ನೇರವಾಗಿ ಹೇಳಿ, ‘ಆದರೆ’ ಸೇರಿಸಬೇಡಿ. ಆಮೇಲೆ ಆ ಅಜ್ಜಿಯ ಬಗ್ಗೆ ಕೇಳಿ. ಅವಳು ಅತ್ತರೂ ರೇಗಿದರೂ ಅಲ್ಲೇ ಕುಳಿತಿರಿ, ‘ನಮ್ಮ ಕಾಲದಲ್ಲಿ’ ಎಂಬ ಮಾತು ಎತ್ತಬೇಡಿ. ಫೋನಿನ ವಿಷಯಕ್ಕೆ ಇನ್ನೊಂದು ದಿನವಿದೆ.