ಫೋರ್ಕ್‌ಲಿಫ್ಟಿಗೆ ಜೀಪಿನ ಇಂಜಿನ್ ಕೂರ್ತದಾ?

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಕುಶಾಲನಗರದ ಹತ್ರ ಒಂದು ಸಣ್ಣ ಕಾಫಿ ಗೋಡೌನ್, ಪಕ್ಕದಲ್ಲೇ ಸಿಲ್ವರ್ ಓಕ್ ಮರದ ಯಾರ್ಡ್ ಉಂಟು. ಎರಡಕ್ಕೂ ಸೇರಿ ಒಂದೇ ಫೋರ್ಕ್‌ಲಿಫ್ಟ್, ಹಳೇ ಟೊಯೋಟಾ, ಎರಡೂವರೆ ಟನ್ನಿಂದು, ಪೆಟ್ರೋಲ್, 4ವೈ ಇಂಜಿನ್. ಗಂಟೆಗೆ ಮೂರು ಲೀಟರ್ ಕುಡಿತದೆ, ಈಗ ಆಯಿಲ್ ಬೇರೆ ತಿನ್ನೋಕೆ ಶುರು ಮಾಡಿದೆ, ಹೊಗೆನೂ ಬರ್ತದೆ. ಸೀಸನ್ನಲ್ಲಿ ದಿನಕ್ಕೆ ನಾಲ್ಕು ಗಂಟೆ ಓಡ್ತದೆ, ವರ್ಷಕ್ಕೆ ಒಂದು ನೂರು ದಿನ ಅಂತ ಇಟ್ಕೊಳ್ಳಿ. ನಮ್ಮ ಶೆಡ್ಡಲ್ಲಿ ಹಳೇ ಮಹೀಂದ್ರ ಜೀಪಿನ ಡಿಐ ಡೀಸೆಲ್ ಇಂಜಿನ್ ಒಂದು ಚೆನ್ನಾಗಿರೋದೇ ಬಿದ್ದಿದೆ. ಅಪ್ಪನ ಕಾಲದಲ್ಲಿ ತೋಟದ ಪೆಟ್ರೋಲ್ ಜೀಪಿಗೆ ಡೀಸೆಲ್ ಕೂರಿಸಿದ್ದನ್ನ ನಾನೇ ನೋಡಿದ್ದೀನಿ. ಮೆಕ್ಯಾನಿಕ್ ಹದಿನೈದು ದಿನ ಸಾಕು ಅಂತಾನೆ. ಮಾಡಿಸ್ಲಾ?

ಉತ್ತರ: ಮಾಡಿಸ್ಬೇಡಿ. ಜೀಪಿನ ಇಂಜಿನ್ ಅಂತೂ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದೆ.

ಕೊಡಗಲ್ಲಿ ಜೀಪಿಗೆ ಡೀಸೆಲ್ ಕೂರಿಸದ ಮೆಕ್ಯಾನಿಕ್ಕೇ ಇಲ್ಲ ಅನ್ನಿ, ಆ ಧೈರ್ಯದಲ್ಲೇ ನಿಮ್ಮವ್ರು ಹದಿನೈದು ದಿನ ಅಂದಿರೋದು. ಆದ್ರೆ ಜೀಪಲ್ಲಿ ಇಂಜಿನ್ನಿಗೆ ಇರೋ ಕೆಲ್ಸ ಒಂದೇ, ಚಕ್ರ ತಿರುಗ್ಸೋದು. ಫೋರ್ಕ್‌ಲಿಫ್ಟಲ್ಲಿ ಅದೇ ಇಂಜಿನ್ ಚಕ್ರನೂ ತಿರುಗ್ಸಬೇಕು, ಹೈಡ್ರಾಲಿಕ್ ಪಂಪನ್ನೂ ತಿರುಗ್ಸಬೇಕು, ಎಷ್ಟೋ ಸಲ ಗಾಡಿ ನಿಂತಲ್ಲೇ ನಿಂತು ಪಂಪ್ ಒಂದೇ ಫುಲ್ ಲೋಡಲ್ಲಿ ಓಡ್ತಾ ಇರ್ತದೆ. 50 ಕೆಜಿ ಮೂಟೆ ಇಪ್ಪತ್ತು ಪೇರಿಸಿದ್ರೆ ಒಂದು ಟನ್. ಐಡ್ಲಿಂಗಲ್ಲಿ ಇರೋವಾಗ ಲಿವರ್ ಎಳೆದ್ರೆ ಆ ಒಂದು ಟನ್ ತೂಕ ಸಡನ್ನಾಗಿ ಇಂಜಿನ್ ಮೇಲೆ ಬೀಳ್ತದೆ. ಫೋರ್ಕ್‌ಲಿಫ್ಟ್ ಡೀಸೆಲ್ಲಿನ ಗವರ್ನರ್, ಅಂದ್ರೆ ಇಂಜಿನ್ ಸ್ಪೀಡ್ ಕಾಯೋ ಭಾಗ, ಎಲ್ಲಾ ಸ್ಪೀಡಲ್ಲೂ ಕೆಲ್ಸ ಮಾಡೋ ತರದ್ದು, ಲೋಡ್ ಬಿದ್ದ ಕೂಡ್ಲೇ ತಾನೇ ಡೀಸೆಲ್ ಜಾಸ್ತಿ ಕೊಟ್ಟು ಸ್ಪೀಡ್ ಹಿಡ್ಕೊಳ್ತದೆ. ರಸ್ತೆ ಗಾಡಿಗಳ ಸುಮಾರು ಡೀಸೆಲ್ ಪಂಪುಗಳಲ್ಲಿ ಗವರ್ನರ್ ನೋಡ್ಕೊಳ್ಳೋದು ಐಡ್ಲಿಂಗ್ ಮತ್ತೆ ಮ್ಯಾಕ್ಸಿಮಮ್ ಎರಡನ್ನೇ, ನಡುವಿನದ್ದೆಲ್ಲ ಡ್ರೈವರ್ ಕಾಲಿಗೆ ಬಿಟ್ಟಿದ್ದು. ಮೂಟೆ ಅರ್ಧಕ್ಕೆ ಎತ್ತಿ ಇಂಜಿನ್ ಆಫ್ ಆಯ್ತು ಅಂತ ಕೂರ್ಬೇಕಾಗ್ತದೆ.

ಇನ್ನು ಹೈಡ್ರಾಲಿಕ್ ಪಂಪ್. ನಾನು ಸಿದ್ದಾಪುರ ಕಡೆ ಒಂದು ಮರದ ಡಿಪೋದಲ್ಲಿ ನೋಡಿದ್ದು ಹೇಳ್ತೀನಿ. ಬೇರೆ ಡೀಸೆಲ್ ಕೂರಿಸಿ, ಹಳೇ ಗೇರ್ ಪಂಪನ್ನೇ ಹೊಸ ಇಂಜಿನ್ನಿನ ಟೈಮಿಂಗ್ ಗೇರ್ ಕಡೆಗೆ ಹಾಕಿದ್ರು. ಸ್ಟಾರ್ಟ್ ಮಾಡಿದ್ರು, ಎಲ್ಲಾ ಚೆನ್ನಾಗಿದೆ ಅಂತ ಒಬ್ಬರಿಗೊಬ್ರು ಬೆನ್ನು ತಟ್ಕೊಂಡ್ರು, ಒಂದು ನಿಮಿಷ ಆಗಿರ್ಬೇಕು ಅಷ್ಟೇ, ಶಾಫ್ಟ್ ಸೀಲ್ ಹಾರಿ ಹೈಡ್ರಾಲಿಕ್ ಆಯಿಲ್ ಪಿಚಕಾರಿ ತರ ಹಾರಿ ಗೋಡೆಗೆ ಬಡೀತು, ಆಮೇಲೆ ಹುಡುಗರು ಮರದ ಪುಡಿ ತಂದು ನೆಲಕ್ಕೆಲ್ಲ ಸುರಿದ್ರು. ಆಗಿದ್ದು ಇಷ್ಟೇ, ಮೊದ್ಲು ಕ್ರ್ಯಾಂಕ್ ಜೊತೆ ನೇರವಾಗಿ ತಿರುಗ್ತಿದ್ದ ಪಂಪ್ ಈಗ ನಡುವೆ ಗೇರ್ ಬಂದು ಉಲ್ಟಾ ತಿರುಗ್ತು, ಹಾಗಾಗಿ ಪ್ರೆಶರ್ ಬರ್ಬಾರ್ದ ಕಡೆಗೆ ಬಂತು. ಪಂಪಿನ ಮೈಮೇಲೆ ಬಾಣದ ಗುರುತು ಇರ್ತದೆ, ಯಾರೂ ನೋಡೋದಿಲ್ಲ.

ದಿಕ್ಕು ಸರಿ ಇದ್ರೂ ಆರ್‌ಪಿಎಂ ಲೆಕ್ಕ ಉಂಟು. ಒಂದು ಸುತ್ತಿಗೆ 25 ಸಿಸಿ ಆಯಿಲ್ ತಳ್ಳೋ ಪಂಪ್ 2500 ಆರ್‌ಪಿಎಂನಲ್ಲಿ ನಿಮಿಷಕ್ಕೆ 62 ಲೀಟರ್ ಚಿಲ್ರೆ ಕೊಡ್ತದೆ, 2000 ಆರ್‌ಪಿಎಂ ಇಂಜಿನ್ನಿಗೆ ಹಾಕಿದ್ರೆ 50 ಲೀಟರ್. ಅಂದ್ರೆ ಮಾಸ್ಟ್, ಅದೇ ಫೋರ್ಕ್ ಎತ್ತೋ ಕಂಬ, ಏರೋದು ಐದರಲ್ಲಿ ಒಂದು ಭಾಗ ನಿಧಾನ. ಜೀಪ್ ಬೇಡ ಟ್ರ್ಯಾಕ್ಟರ್ ಇಂಜಿನ್ ಹಾಕಾಣ ಅಂತ ಯಾರಾದ್ರೂ ಹೇಳ್ತಾರೆ ನೋಡ್ತಾ ಇರಿ, ಟ್ರ್ಯಾಕ್ಟರ್ ಇಂಜಿನ್ ತಿರುಗೋದೇ ನಿಧಾನ, ಅವ್ರಿಗೆ ಈ ಲೆಕ್ಕ ತೋರ್ಸಿ.

ಇಂಜಿನ್ನನ್ನ ಗೇರ್‌ಬಾಕ್ಸಿಗೆ ಸೇರ್ಸೋದು ಮೂರನೇ ತಲೆನೋವು. ಬೆಲ್ ಹೌಸಿಂಗಿನ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಬೋಲ್ಟ್ ತೂತುಗಳು ಹೊಂದೋದಿಲ್ಲ, ದಪ್ಪ ಪ್ಲೇಟಲ್ಲಿ ಅಡಾಪ್ಟರ್ ಕಡಿಸ್ಬೇಕು, ಮೈಸೂರಲ್ಲಿ ಒಳ್ಳೆ ಲೇತ್‌ನವ್ರು ಕಡಿದು ಕೊಡ್ತಾರೆ, ಆದ್ರೆ ಸೆಂಟರ್ ಕಾಲು ಮಿಲಿಮೀಟರ್ ಆಚೀಚೆ ಆದ್ರೂ ಮೊದ್ಲು ಗೊತ್ತಾಗೋದಿಲ್ಲ, ಒಂದು ಸೀಸನ್ ಓಡ್ತದೆ, ಆಮೇಲೆ ಕ್ಲಚ್ ಬದ್ಲು ಟಾರ್ಕ್ ಕನ್ವರ್ಟರ್ ಇರೋ ಗಾಡಿ ಆದ್ರೆ ಸೀಲ್ ಸೋರ್ತದೆ, ಕ್ಲಚ್ ಗಾಡಿ ಆದ್ರೆ ಪೈಲಟ್ ಬೇರಿಂಗ್ ಕಿರ್ರ್ ಅಂತದೆ. ಡಯಲ್ ಗೇಜ್ (ಸೆಂಟರ್ ಅಳೆಯೋ ಮುಳ್ಳಿನ ಮೀಟರ್) ಇಟ್ಟು ನೋಡದೆ ಬೋಲ್ಟ್ ಬಿಗಿಯೋ ಮೆಕ್ಯಾನಿಕ್ ಆದ್ರೆ ನಮಸ್ಕಾರ ಹೇಳಿ ಕಳ್ಸಿ.

ಫ್ಯಾನ್ ವಿಷ್ಯನೂ ಸೇರ್ಸಿ. ಜೀಪ್ ಫ್ಯಾನ್ ಗಾಳಿನ ಒಳಗೆ ಎಳ್ಕೊಳ್ತದೆ, ಫೋರ್ಕ್‌ಲಿಫ್ಟಿಂದು ಸಾಮಾನ್ಯವಾಗಿ ಹಿಂದಕ್ಕೆ, ಗಾಡಿ ಹಿಂದಿರೋ ಭಾರದ ಕಬ್ಬಿಣದ, ಅಂದ್ರೆ ಕೌಂಟರ್‌ವೇಟಿನ, ಸಂದಿಯಿಂದ ಹೊರಗೆ ತಳ್ತದೆ. ಜೀಪಿಂದೇ ಬಿಟ್ರೆ ರೇಡಿಯೇಟರ್ ಬಿಸಿ ಪೂರಾ ಓಡ್ಸೋನ ಬೆನ್ನಿಗೆ.

ಈಗ ದುಡ್ಡು. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಪೆಟ್ರೋಲ್ 100, ಡೀಸೆಲ್ 90 ಹಿಡಿಯಾಣ. ನಿಮ್ಮ 400 ಗಂಟೆಗೆ 1200 ಲೀಟರ್ ಪೆಟ್ರೋಲ್, 1,20,000 ರೂಪಾಯಿ. ಡೀಸೆಲ್ ಗಂಟೆಗೆ ಎರಡು ಲೀಟರ್ ಕುಡಿದ್ರೆ 800 ಲೀಟರ್, 72,000. ಉಳಿಯೋದು ವರ್ಷಕ್ಕೆ 48,000. ಅಡಾಪ್ಟರ್, ಮೌಂಟಿಂಗ್, ರೇಡಿಯೇಟರ್, ದೊಡ್ಡ ಬ್ಯಾಟರಿ, ಹೋಸ್‌ಗಳು, ಲೇಬರ್ ಎಲ್ಲಾ ಸೇರಿ ಒಂದೂವರೆ ಎರಡು ಲಕ್ಷ ಆಯ್ತು ಅಂದ್ರೆ, ಇಂಜಿನ್ ಫ್ರೀಯಾಗಿ ಸಿಕ್ರೂ, ಮೂರ್ನಾಲ್ಕು ವರ್ಷ ಹಾಕಿದ ದುಡ್ಡು ವಾಪಸ್ ಬರೋಕೇ ಬೇಕು.

ಇದೆಲ್ಲ ಬಿಡಿ, ನನಗೆ ಜಾಸ್ತಿ ಚಿಂತೆ ಆಗೋದು ನಿಮ್ಮ ಗೋಡೌನ್ ಬಗ್ಗೆ. ಕಾಫಿ ಪಕ್ಕದಲ್ಲಿ ಏನಿಟ್ರೂ ಅದ್ರ ವಾಸನೆ ಹೀರ್ಕೊಳ್ತದೆ ಅಂತ ನಿಮಗೆ ನಾನು ಹೇಳಿಕೊಡ್ಬೇಕಾ? ಮುಚ್ಚಿದ ಶೆಡ್ಡಲ್ಲಿ ದಿನಾ ನಾಲ್ಕು ಗಂಟೆ ಡೀಸೆಲ್ ಹೊಗೆ ಕುಡಿದ ಪಾರ್ಚ್‌ಮೆಂಟಿಗೆ (ಒಳಸಿಪ್ಪೆ ಇನ್ನೂ ಇರೋ ಕಾಫಿ ಬೀಜ) ಕಪ್ ಟೇಸ್ಟ್ ಮಾಡೋರು ಏನಂತಾರೆ ಯೋಚ್ನೆ ಮಾಡಿ. ಮೂಟೆ ಹೊರೋ ಜನರ ಶ್ವಾಸಕೋಶನೂ ಉಂಟಲ್ಲ, ಡೀಸೆಲ್ ಹೊಗೆ ಕ್ಯಾನ್ಸರ್ ತರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2012ರಲ್ಲೇ ಹೇಳಿಯಾಗಿದೆ. ಹಾಗಂತ ಪೆಟ್ರೋಲ್ ಸಾಧು ಅಂತಲ್ಲ, ಅದ್ರ ಹೊಗೇಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆನೇ ಇಲ್ಲ, ತಲೆ ಸುತ್ತಿದ ಮೇಲೇ ಗೊತ್ತಾಗೋದು. ಯಾವ ಇಂಜಿನ್ ಆದ್ರೂ ಎರಡೂ ಕಡೆ ಬಾಗ್ಲು ತೆಗ್ದೇ ಓಡ್ಸಿ, ಮಳೆಗಾಲದಲ್ಲೂ.

ಹಾಗಾದ್ರೆ ಏನು ಮಾಡೋದು? ಮೊದ್ಲು ಆ ಹೊಗೆ ಯಾವಾಗ ಬರ್ತದೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದು ಆಮೇಲೆ ನಿಂತ್ರೆ ಹೆಚ್ಚಾಗಿ ವಾಲ್ವ್ ಸೀಲ್, ಸಣ್ಣ ಕೆಲ್ಸ. ಲೋಡಲ್ಲೂ ಬರ್ತಾನೇ ಇದ್ರೆ ರಿಂಗ್ಸ್. ಹೊಗೆ ಕಪ್ಪಾಗಿದ್ರೆ ಅದು ಆಯಿಲ್ಲೇ ಅಲ್ಲ, ಕಾರ್ಬುರೇಟರ್ ಪೆಟ್ರೋಲ್ ಜಾಸ್ತಿ ಸುರೀತಾ ಇದೆ, ನಿಮ್ಮ ಮೂರು ಲೀಟರಿಗೆ ಅದೂ ಒಂದು ಕಾರಣ ಇರ್ಬಹುದು. ಕಂಪ್ರೆಷನ್ ಚೆಕ್ ಮಾಡ್ಸಿ, ಇಂಜಿನ್ ಓವರ್‌ಹಾಲ್ ಮಾಡ್ಸಿದ್ರೂ ಕನ್ವರ್ಷನ್ನಿಗಿಂತ ಕಮ್ಮೀಲೇ ಮುಗೀಬೇಕು.

ಇಲ್ಲ ಡೀಸೆಲ್ಲೇ ಬೇಕು, ಯಾರ್ಡಿಗಷ್ಟೇ ಓಡ್ಸೋದು ಅಂತಿದ್ರೆ ಇನ್ನೊಂದು ದಾರಿ ಉಂಟು. ನಿಮ್ಮ ಗಾಡಿ ಪ್ಲೇಟಲ್ಲಿ ಎಫ್‌ಜಿ ಅಂತಿರ್ತದೆ, ಜಿ ಅಂದ್ರೆ ಪೆಟ್ರೋಲ್. ಅದೇ ಸೀರೀಸಿನ ಎಫ್‌ಡಿ ಅಂದ್ರೆ ಡೀಸೆಲ್, ಅದ್ರಲ್ಲಿ 1ಡಿಜೆಡ್ ಇಂಜಿನ್ ಬರ್ತದೆ, ನಿಮ್ಮ 4ವೈ 2237 ಸಿಸಿ, ಅದು 2486 ಸಿಸಿ. ಸ್ಕ್ರಾಪಿಗೆ ಬಂದ ಎಫ್‌ಡಿ ಇಡೀ ಗಾಡಿನೇ ತಗೊಂಡು ಇಂಜಿನ್ ಜೊತೆ ಬೆಲ್ ಹೌಸಿಂಗ್, ಪಂಪ್ ಡ್ರೈವ್, ರೇಡಿಯೇಟರ್, ಫ್ಯಾನ್, ಗ್ಲೋ ಪ್ಲಗ್ ವೈರಿಂಗ್, ಸ್ಟಾಪ್ ಸೊಲೆನಾಯ್ಡ್ (ಇಂಜಿನ್ ನಿಲ್ಸೋ ಕರೆಂಟ್ ಸ್ವಿಚ್), ಟ್ಯಾಂಕ್ ಎಲ್ಲಾ ಬಿಚ್ಕೊಳ್ಳಿ. ಮಿಕ್ಕ ಡೀಸೆಲ್ ವಾಪಸ್ ಬರೋಕೆ ನಿಮ್ಮ ಟ್ಯಾಂಕಿಗೆ ರಿಟರ್ನ್ ಲೈನ್ ಬೇಕು ಅಂತ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಹಿಡಿಯೋಕೆ ಹೋಗ್ಬೇಡಿ, ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಕೆಲ್ಸ ಮುಗಿದ ಮೇಲೆ ಲೋಡ್ ಟೆಸ್ಟ್ ಮಾಡ್ಸಿ ಸರ್ಟಿಫಿಕೇಟ್ ತಗೊಳ್ಳಿ.

ಆ ಜೀಪ್ ಇಂಜಿನ್ನ ಮಾರಿಬಿಡಿ, ಕೊಡಗಲ್ಲಿ ಅದಕ್ಕೆ ಗಿರಾಕಿ ಹುಡುಕ್ಬೇಕಾ?

ಪ್ರಶ್ನೆ: ಸೋಮವಾರಪೇಟೆಯಿಂದ. ನಮ್ಮ ಡೀಸೆಲ್ ಫೋರ್ಕ್‌ಲಿಫ್ಟ್ ಜೂನಿಂದ ಶೆಡ್ಡಲ್ಲೇ ನಿಂತಿತ್ತು. ಈಗ ಸ್ಟಾರ್ಟ್ ಆಗ್ತದೆ, ಎರಡು ನಿಮಿಷಕ್ಕೆ ಆಫ್. ಡೀಸೆಲ್ ಪಂಪ್ ಹೋಯ್ತಾ ಸರ್?

ಉತ್ತರ: ಪಂಪಿಗೆ ಕೈ ಹಾಕ್ಬೇಡಿ. ಅರ್ಧ ಟ್ಯಾಂಕ್ ಡೀಸೆಲ್ ಇಟ್ಟು ನಿಲ್ಸಿದ್ರೆ ನಮ್ಮ ಮಳೆಗಾಲದ ತೇವ ಒಳಗೆಲ್ಲ ಬೆವರಿ ನೀರಾಗಿ ತಳಕ್ಕೆ ಇಳಿದಿರ್ತದೆ. ವಾಟರ್ ಸೆಪರೇಟರ್ ಕೆಳಗಿನ ತಿರುಪು ಸಡ್ಲ ಮಾಡಿ ಗ್ಲಾಸಲ್ಲಿ ಹಿಡೀರಿ, ನೀರು ಕೆಳಗೆ ಬೇರೆಯಾಗಿ ಕಾಣ್ತದೆ. ಟ್ಯಾಂಕ್ ತಳನೂ ಡ್ರೈನ್ ಮಾಡಿ, ಫಿಲ್ಟರ್ ಬದ್ಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತಾ ಬ್ಲೀಡ್ ಸ್ಕ್ರೂ ಹತ್ರ ಗುಳ್ಳೆ ನಿಲ್ಲೋವರೆಗೂ ಏರ್ ತೆಗೀರಿ. ಆಮೇಲೂ ಆಫ್ ಆದ್ರೆ ಟ್ಯಾಂಕ್ ಮುಚ್ಚಳ ತೆಗ್ದಿಟ್ಟು ಓಡ್ಸಿ ನೋಡಿ, ಸರಿ ಹೋದ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ. ಮುಂದಿನ ಮೇನಲ್ಲಿ ಟ್ಯಾಂಕ್ ತುಂಬ್ಸಿ ನಿಲ್ಸಿ.

ಪ್ರಶ್ನೆ: ವಿರಾಜಪೇಟೆಯಿಂದ. ಎರಡು ಟನ್ ಗಾಡಿ, ಹಿಂದೆ ಕಬ್ಬಿಣದ ಪ್ಲೇಟ್ ಕಟ್ಟಿ ಎರಡೂವರೆ ಎತ್ತಬಹುದಾ?

ಉತ್ತರ: ಆಗೋದಿಲ್ಲ. ಹಿಂದೆ ತೂಕ ಕಟ್ಟಿದ್ರೆ ಗಾಡಿ ಮುಗ್ಗರಿಸದೇ ಇರ್ಬಹುದು, ಆದ್ರೆ ಫೋರ್ಕ್, ಚೈನ್, ಮಾಸ್ಟ್, ಮುಂದಿನ ಆಕ್ಸಲ್ ಎಲ್ಲಾ ಎರಡು ಟನ್ನಿಗೇ ಮಾಡಿದ್ದು. ಆ ಎರಡು ಟನ್ನೂ ಗಾಡಿ ಮೇಲಿನ ಪ್ಲೇಟಲ್ಲಿ ಬರ್ದಿರೋ ಲೋಡ್ ಸೆಂಟರಿಗೆ, ಅಂದ್ರೆ ಲೋಡಿನ ತೂಕದ ನಡು ಇರ್ಬೇಕಾದ ದೂರಕ್ಕೆ, ಸಾಮಾನ್ಯವಾಗಿ ಫೋರ್ಕಿನ ಬುಡದಿಂದ 500 ಮಿಲಿಮೀಟರ್. ಉದ್ದದ ಮರ ತುದೀಲಿ ಹಿಡಿದ್ರೆ ಆ ಎರಡು ಟನ್ನನ್ನೂ ಎತ್ತೋದಿಲ್ಲ.