ರೋಮನ್ ಬೆಳ್ಳಿ ನಾಣ್ಯದ ಮೇಲಿರುವ ದೇವತೆ ಯಾರೆಂದು ಗುರುತಿಸುವುದು ಹೇಗೆ?

ಮುಖ ಬಿಡಿ, ಕೈಯಲ್ಲೇನಿದೆ ನೋಡಿ. ಸಿಡಿಲು ಹಿಡಿದವನು, ಪಕ್ಕದಲ್ಲಿ ಹದ್ದಿದ್ದರೆ ಜ್ಯುಪಿಟರ್. ಶಿರಸ್ತ್ರಾಣ, ಈಟಿ, ಗುರಾಣಿಯ ಹೆಣ್ಣು ಸಾಮಾನ್ಯವಾಗಿ ಮಿನರ್ವಾ. ಚಕ್ರವರ್ತಿ ಡೊಮಿಷಿಯನ್‌ಗಂತೂ ಇವಳೇ ಇಷ್ಟದೇವತೆ. ಚುಕ್ಕಾಣಿ ಇದ್ದರೆ ಅದೃಷ್ಟದೇವತೆ ಫಾರ್ಚುನಾ. ಜನ ಎಡವುವುದು ತಕ್ಕಡಿಯಲ್ಲಿ: ನ್ಯಾಯದ ದೇವತೆ ಈಕ್ವಿಟಾಸ್, ಟಂಕಸಾಲೆಯ ದೇವತೆ ಮೊನೆಟಾ ಇಬ್ಬರಿಗೂ ತಕ್ಕಡಿ, ಹಣ್ಣು ತುಂಬಿದ ಕೊಂಬು ಇರುತ್ತವೆ. ಅಲ್ಲಿ ಅಂಚಿನ ಬರಹವೇ ಗತಿ. ಅದು ಸವೆದಿದ್ದರೆ ಹೆಸರು ಹೇಳದಿರುವುದೇ ಲೇಸು.

ಕ್ರಿ.ಪೂ. 211ರ ಸುಮಾರಿಗೆ ಬಂದ ಮೊದಲ ಡೆನಾರಿಯಸ್ ಬೆಳ್ಳಿ ನಾಣ್ಯಗಳ ಮುಮ್ಮುಖದಲ್ಲಿ ರೆಕ್ಕೆಯ ಶಿರಸ್ತ್ರಾಣದ ರೋಮ್ ನಗರದೇವತೆ ರೋಮಾ, ಹಿಮ್ಮುಖದಲ್ಲಿ ಕುದುರೆಯೇರಿದ ಅವಳಿ ದೇವರು. ಮುಂದೆ ಮುಮ್ಮುಖ ಚಕ್ರವರ್ತಿಯ ಪಾಲಾಯಿತು.

ಬೆಂಗಳೂರಿನ ಯಶವಂತಪುರದ ನಿಧಿಯಲ್ಲೂ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯಗಳಿದ್ದವು. ಅವನ ಪ್ರಸಿದ್ಧ ಡೆನಾರಿಯಸ್‌ನ ಹಿಂದೆ ಕೊಂಬೆ ಹಿಡಿದು ಕುಳಿತವಳು ಶಾಂತಿದೇವತೆಯೋ, ಅವನ ತಾಯಿ ಲಿವಿಯಾಳೋ? ಬರಹದಲ್ಲಿ ಅವನ ಬಿರುದಷ್ಟೇ ಇದೆ, ಅವಳ ಹೆಸರಿಲ್ಲ.