ಅಪ್ಪನ ಕ್ವಾಲಿಸ್ ಮತ್ತೆ ಓಡ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಪ್ರಶ್ನೆ (ಶಿರಸಿ): ಸರ್, ನಮ್ಮಪ್ಪ 2002ರಲ್ಲಿ ಶೋರೂಮಿಂದ ತಗೊಂಡ ಟೊಯೋಟಾ ಡೀಸೆಲ್ ಕ್ವಾಲಿಸ್ ಇದೆ, ಎರಡು ಲಕ್ಷ ಹತ್ತು ಸಾವಿರ ಕಿಲೋಮೀಟರ್ ಓಡಿದೆ. 2019ರಿಂದ ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ ನಿಂತೇ ಇದೆ. ಅಪ್ಪ ಹೋದ ವರ್ಷ ತೀರ್ಕೊಂಡ್ರು. ಗುಜರಿಯವ್ನು ಬಂದು ಕೇಳ್ತಾ ಇದಾನೆ, ಕೊಡೋಕೆ ಮನಸ್ಸಿಲ್ಲ, ನಾವು ಹತ್ತು ಜನ ತುಂಬ್ಕೊಂಡು ಧರ್ಮಸ್ಥಳಕ್ಕೆ ಹೋಗ್ತಿದ್ದ ಗಾಡಿ ಅದು. ಮೊದಲು ಟಿಂಕರಿಂಗ್, ಪೇಂಟ್ ಮಾಡ್ಸಿ ಆಮೇಲೆ ಇಂಜಿನ್ ಕಡೆ ನೋಡೋಣ ಅಂತಿದೀನಿ. ಕೆಲಸ ಬೆಂಗಳೂರಲ್ಲಿ, ತಿಂಗಳಿಗೆ ಎರಡು ಸಲ ಊರಿಗೆ ಹೋಗ್ತೀನಿ, ಆದಷ್ಟು ನಾನೇ ಕೈಯಾರೆ ಮಾಡ್ಬೇಕು ಅಂತ ಆಸೆ. ಸರಿ ಇದೆಯಾ?

ಉತ್ತರ: ಆಸೆ ಸರಿ ಇದೆ, ಕ್ರಮ ತಲೆಕೆಳಗಾಗಿದೆ. ಪೇಂಟ್ ಕೊನೆಗೆ. ಇದನ್ನ ಪೆಟ್ಟು ತಿಂದೇ ಹೇಳ್ತಿರೋದು, ನನ್ನ ಮೊದಲನೇ ಕ್ವಾಲಿಸ್‌ಗೆ ನಾನೂ ಬಣ್ಣ ಹೊಡ್ಸಿ ಬೀದಿಯವ್ರನ್ನೆಲ್ಲ ಕರ್ದು ತೋರಿಸಿದ್ದೆ, ಎರಡು ತಿಂಗಳು ಬಿಟ್ಟು ಡ್ರೈವರ್ ಕಾಲಡಿ ಫ್ಲೋರ್ ತೂತಾಗಿರೋದು ಗೊತ್ತಾಯ್ತು, ವೆಲ್ಡಿಂಗ್ ಮಾಡೋವಾಗ ಆ ಬಿಸಿಗೆ ಬಾಗಿಲ ಕೆಳಗಿನ ಹೊಸ ಬಣ್ಣ ಹಪ್ಪಳದ ಥರ ಉಬ್ಬಿ ಎದ್ದು ಬಂತು. ದುಡ್ಡು ಎರಡೆರಡು ಸಲ ಹೋಯ್ತು, ಬೀದಿಯವ್ರು ಮತ್ತೆ ಬಂದು ನೋಡಿದ್ರು, ಅದು ಬೇರೆ.

ಪಾನಾ ಹಿಡಿಯೋಕೆ ಮುಂಚೆ ಬೀರು ತೆಗ್ದು ಆರ್‌ಸಿ ಹುಡುಕಿ. ಸ್ವಂತ ಗಾಡಿಗೆ ರಿಜಿಸ್ಟ್ರೇಷನ್ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ನಿಮ್ಮಪ್ಪ 2017ರಲ್ಲಿ ಮಾಡ್ಸಿದ್ರೂ 2022ಕ್ಕೆ ಮುಗಿದಿರತ್ತೆ. ಗಾಡಿ ಇನ್ನೂ ಅವರ ಹೆಸರಲ್ಲೇ ಇದ್ರೆ ಮೊದಲು ವಾರಸುದಾರರ ಹೆಸರಿಗೆ ವರ್ಗಾವಣೆ, ಅದಕ್ಕೆ ಫಾರ್ಮ್ 31, ಅಮ್ಮ ಮತ್ತೆ ಅಣ್ಣತಮ್ಮ ಅಕ್ಕತಂಗಿ ಇದ್ರೆ ಅವ್ರೆಲ್ಲರ ಒಪ್ಪಿಗೆ ಈಗ್ಲೇ ತಗೊಂಡುಬಿಡಿ, ಗಾಡಿ ಮಿರಮಿರ ಮಿಂಚೋಕೆ ಶುರುವಾದ್ಮೇಲೆ ಪಾಲು ಕೇಳೋ ಜನ ಹುಟ್ಕೊಳ್ತಾರೆ, ತಮಾಷೆಗೆ ಹೇಳ್ತಿಲ್ಲ. ರಿನ್ಯೂವಲ್‌ಗೆ ಫಾರ್ಮ್ 25. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರಿನ ರಿನ್ಯೂವಲ್ ಫೀಸನ್ನ 10,000 ರೂಪಾಯಿಗೆ ಏರಿಸ್ತು, ಅದಕ್ಕೆ ಮುಂಚೆ 5,000 ಇತ್ತು. ತಡವಾದ್ರೆ ತಿಂಗಳಿಗೆ 500ರಂತೆ ಹೆಚ್ಚುವರಿ ಅಂತ 2021ರ ನಿಯಮದಲ್ಲಿದೆ, ವರ್ಷಗಟ್ಲೆ ತಡ ಆಗಿರೋ ಗಾಡಿಗೆ ಅದೇ ದೊಡ್ಡ ಮೊತ್ತ ಆಗ್ಬಿಡತ್ತೆ. ನಮ್ಮ ರಾಜ್ಯದ ಹಸಿರು ತೆರಿಗೆ ಬೇರೆ ಇದೆ, ಅದು ಚಿಕ್ಕದು. ಹಾಗಾಗಿ ಆರ್‌ಟಿಓಗೆ ಹೋಗಿ ನಿಮ್ಮ ನಂಬರ್ ಕೊಟ್ಟು ಕಟ್ಬೇಕಾದ್ದು ಒಟ್ಟು ಎಷ್ಟು ಅಂತ ಕೇಳ್ಕೊಂಡು ಬನ್ನಿ, ಆ ಲೆಕ್ಕ ಕೈಯಲ್ಲಿಟ್ಕೊಂಡೇ ಮುಂದಿನ ಕೆಲಸ.

ಎರಡನೇದು, ಗಾಡಿ ಉಳಿಸೋ ಹಾಗಿದೆಯಾ ಅಂತ ನೋಡೋದು. ಇದಕ್ಕೆ ಮೆಕ್ಯಾನಿಕ್ ಬೇಡ, ಒಂದು ಸ್ಕ್ರೂಡ್ರೈವರ್, ಚಿಕ್ಕ ಸುತ್ತಿಗೆ, ಟಾರ್ಚ್ ಸಾಕು. ಸೀಟು ಬಿಚ್ಚಿ, ಮ್ಯಾಟ್ ಪೂರ್ತಿ ಎತ್ತಿ. ಮಲೆನಾಡಲ್ಲಿ ನಿಂತ ಗಾಡೀಲಿ ಮ್ಯಾಟ್ ಕೆಳಗಿನ ಫೆಲ್ಟ್ ಮಳೆಗಾಲದ ನೀರು ಕುಡ್ಕೊಂಡು ಬೇಸಿಗೆವರೆಗೂ ಇಟ್ಕೊಂಡಿರತ್ತೆ. ಫ್ಲೋರ್ ಮೇಲೆ ಸ್ಕ್ರೂಡ್ರೈವರ್ ಮೊನೆ ಇಟ್ಟು ಒತ್ತಿ, ಟಣ್ ಅಂದ್ರೆ ತಗಡಿದೆ, ಪುಸಕ್ ಅಂತ ಒಳಗೆ ಹೋದ್ರೆ ಅಲ್ಲಿ ಬಣ್ಣ ಮಾತ್ರ ಉಳಿದಿದೆ. ಮತ್ತೆ ನೋಡ್ಬೇಕಾದ್ದು ಹಿಂದಿನ ಚಕ್ರದ ಮೇಲಿನ ಕಮಾನು, ಡಿಕ್ಕಿ ಬಾಗಿಲ ತಳ, ಮುಂದಿನ ಗ್ಲಾಸ್‌ನ ರಬ್ಬರ್ ಬೀಡಿಂಗ್ ಕೆಳಗೆ, ಬ್ಯಾಟರಿ ಕೂರೋ ಜಾಗ. ಇವೆಲ್ಲ ಹೋಗಿದ್ರೂ ಹೆದರ್ಬೇಡಿ, ತಗಡು ಕತ್ತರಿಸಿ ಹೊಸದು ಕೂರಿಸ್ಬಹುದು. ಹೆದರ್ಬೇಕಾದ್ದು ಚಾಸಿಗೆ, ಅಂದ್ರೆ ಇಡೀ ಗಾಡಿ ಹೊರೋ ಕೆಳಗಿನ ಕಬ್ಬಿಣದ ಚೌಕಟ್ಟಿಗೆ. ಕ್ವಾಲಿಸ್‌ಗೆ ಲಾರಿ ಥರ ಬೇರೆ ಚಾಸಿ ಇದೆ, ಬಾಡಿ ಅದರ ಮೇಲೆ ಬೋಲ್ಟ್‌ನಲ್ಲಿ ಕೂತಿದೆ. ಕೆಳಗೆ ಮಲಗಿ ಉದ್ದಕ್ಕೂ ಸುತ್ತಿಗೇಲಿ ತಟ್ಕೊಂಡು ಹೋಗಿ, ಹಿಂದಿನ ಲೀಫ್ ಪ್ಲೇಟ್‌ನ (ಪಟ್ಟಿ ಸ್ಪ್ರಿಂಗ್) ತುದಿಯನ್ನ ಚಾಸಿಗೆ ಹಿಡಿಯೋ ಶಾಕಲ್ ಕೊಂಡಿ ಸಿಗಿಸಿರೋ ಜಾಗದಲ್ಲಿ ಎರಡೇಟು ಜಾಸ್ತಿ. ಶಬ್ದ ಮಂಕಾಗಿ ಬಂದು ಪದರ ಪದರವಾಗಿ ತುಕ್ಕು ಉದುರಿದ್ರೆ ಅಲ್ಲೇ ನಿಲ್ಸಿ ಫೋಟೋ ತೆಗ್ದು ನನಗೆ ಕಳ್ಸಿ. ಚಾಸಿಗೆ ತೇಪೆ ಹಾಕ್ತೀನಿ ಅನ್ನೋರ ಮಾತು ಮಾತ್ರ ಕೇಳ್ಬೇಡಿ.

ಚಾಸಿ ಗಟ್ಟಿ ಇದೆ ಅಂದ್ಕೊಳ್ಳೋಣ, ಈಗ ಇಂಜಿನ್. ದಯವಿಟ್ಟು ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೀಬೇಡಿ. ಎಲ್ಲರೂ ಮಾಡೋ ತಪ್ಪು ಇದೇ, ಹಾಗೆ ಮಾಡಿದ ಗಾಡಿಗಳೇ ನನ್ನ ಶೆಡ್‌ಗೆ ಟೋ ಆಗಿ ಬರೋದು. ಇದರಲ್ಲಿರೋದು ಟೊಯೋಟಾದ 2ಎಲ್ ಡೀಸೆಲ್, 2446 ಸಿಸಿ, ಸಾದಾ ಸೀದಾ ಇಂಜಿನ್, ಟರ್ಬೋ ಇಲ್ಲ, ಕಂಪ್ಯೂಟರ್ ಕಾಟ ಇಲ್ಲ, ಆದ್ರೆ ವಾಲ್ವ್‌ಗಳನ್ನ ಪಿಸ್ಟನ್ ಲಯಕ್ಕೆ ತಕ್ಕಂತೆ ಆಡಿಸೋದು ಚೈನ್ ಅಲ್ಲ, ರಬ್ಬರಿನ ಟೈಮಿಂಗ್ ಬೆಲ್ಟ್. ಲಕ್ಷ ಕಿಲೋಮೀಟರ್‌ಗೊಮ್ಮೆ ಬದಲಾಯಿಸೋ ಬೆಲ್ಟ್, ನಿಮ್ಮ ಗಾಡಿಗೆ ಎರಡನೇ ಬೆಲ್ಟ್ ಬದಲಾಗಿದೆಯೋ ಇಲ್ವೋ ಯಾರಿಗೆ ಗೊತ್ತು, ಮೇಲಿಂದ ಇಷ್ಟು ವರ್ಷ ಒಂದೇ ಭಂಗಿಯಲ್ಲಿ ನಿಂತಿದೆ. ಅದು ಕಿತ್ರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯತ್ತೆ, ಆಮೇಲೆ ಹೆಡ್, ಅಂದ್ರೆ ಇಂಜಿನ್‌ನ ಮೇಲ್ಭಾಗ, ಇಳಿಸ್ಬೇಕು.

ಹಾಗಾಗಿ ಹೀಗೆ ಮಾಡಿ. ಮೊದಲು ಏರ್ ಫಿಲ್ಟರ್ ಡಬ್ಬ ತೆಗೀರಿ, ನಿಮ್ಮ ಕಡೆ ಅಂದ್ರೆ ಒಳಗೆ ಅಡಿಕೆ ಸಿಪ್ಪೆ ತಂದು ಇಲಿ ಬಾಣಂತನ ಮಾಡಿರೋ ಸಾಧ್ಯತೆ ಜಾಸ್ತಿ, ಹಾಗೇ ವೈರಿಂಗ್ ಕಡಿದಿದೆಯಾ ನೋಡಿ. ಟ್ಯಾಂಕ್ ತಳದ ಬೋಲ್ಟ್ ಬಿಚ್ಚಿ ಹಳೇ ಡೀಸೆಲ್ ಪೂರ್ತಿ ಇಳಿಸಿ, ವಾರ್ನಿಶ್ ವಾಸನೆ ಹೊಡೆಯತ್ತೆ, ಜೊತೆಗೆ ನೀರೂ ಬರತ್ತೆ. ಡೀಸೆಲ್ ಫಿಲ್ಟರ್ ಹೊಸದು, ಇಂಜಿನ್ ಆಯಿಲ್ ಮತ್ತೆ ಅದರ ಫಿಲ್ಟರ್ ಹೊಸದು, 15ಡಬ್ಲ್ಯೂ-40 ಡೀಸೆಲ್ ಆಯಿಲ್ ಸಾಕು, ದುಬಾರಿ ಸಿಂಥೆಟಿಕ್ ಬೇಡ. ನಾಲ್ಕೂ ಹೀಟರ್ ಪ್ಲಗ್ (ಸ್ಟಾರ್ಟ್‌ಗೆ ಮುಂಚೆ ಸಿಲಿಂಡರ್ ಬಿಸಿ ಮಾಡೋ ಪ್ಲಗ್) ಬಿಚ್ಚಿ ಪ್ರತೀ ತೂತಿಗೆ ನಾಲ್ಕೇ ನಾಲ್ಕು ಹನಿ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮಾರನೇ ದಿನ ಗೇರ್ ನ್ಯೂಟ್ರಲ್ ಮಾಡಿ, ಮುಂದಿನ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಕೈಯಲ್ಲೇ ಮೆತ್ತಗೆ ತಿರುಗಿಸಿ, ಎರಡು ಸುತ್ತು ಎಲ್ಲೂ ತಡೆಯದೆ ತಿರುಗಿದ್ರೆ ನಿಮ್ಮಪ್ಪ ಗಾಡೀನ ಚೆನ್ನಾಗಿ ಇಟ್ಕೊಂಡಿದ್ರು ಅಂತ ಅರ್ಥ. ತಡೆದ್ರೆ ಬಲ ಹಾಕ್ಬೇಡಿ. ಆಮೇಲೆ ಬೆಲ್ಟು, ಅದನ್ನ ಬಿಗಿ ಹಿಡಿಯೋ ಟೆನ್ಷನರ್ ಬೇರಿಂಗ್, ಕೈ ಹಾಕಿದ್ದೀವಲ್ಲ ಅಂತ ವಾಟರ್ ಪಂಪೂ ಹೊಸದು. ಈ ಬೆಲ್ಟಿನ ಕೆಲಸ ಮಾತ್ರ ಗೊತ್ತಿರೋ ಮೆಕ್ಯಾನಿಕ್ ಕೈಲಿ ಮಾಡ್ಸಿ, ಡೀಸೆಲ್ ಪಂಪೂ ಅದೇ ಬೆಲ್ಟಲ್ಲಿ ತಿರುಗೋದು, ಗುರುತು ಒಂದು ಹಲ್ಲು ತಪ್ಪಿದ್ರೂ ಗಾಡಿ ಹೊಗೆ ಬಿಡತ್ತೆ, ಇಲ್ಲಾ ಸ್ಟಾರ್ಟೇ ಆಗಲ್ಲ.

ಇದಾದ್ಮೇಲೆ ಫಿಲ್ಟರ್ ಮೇಲಿನ ಕೈಪಂಪನ್ನ ಗಟ್ಟಿಯಾಗೋ ತನಕ ಒತ್ತಿ, ಇಂಜಿನ್‌ಗೆ ಡೀಸೆಲ್ ಚಿಮ್ಮಿಸೋ ನಾಜಲ್‌ಗಳ ಪೈಪಿನ ನಟ್ ಸ್ವಲ್ಪ ಸಡಿಲ ಮಾಡಿ ಸೆಲ್ಫ್ ಹೊಡೀರಿ, ಒಂದು ಸಲಕ್ಕೆ ಹತ್ತು ಸೆಕೆಂಡ್, ಆಮೇಲೆ ಮೋಟರ್‌ಗೆ ಒಂದು ನಿಮಿಷ ಸುಧಾರಿಸ್ಕೊಳ್ಳೋಕೆ ಬಿಡಿ. ಆ ನಟ್ ಹತ್ರ ಗಾಳಿಗುಳ್ಳೆ ನಿಂತು ಬರೀ ಡೀಸೆಲ್ ಬಂದ ತಕ್ಷಣ ನಟ್ ಟೈಟ್. ಹೀಟರ್ ಹಾಕಿ ಕೀ ತಿರುಗಿಸಿ. ಒಂದು ಸಿಲಿಂಡರ್ ಹಿಡಿಯತ್ತೆ, ಎರಡಾಗತ್ತೆ, ಗಡಗಡ ಅಂತ ಇಡೀ ಶೆಡ್ ಬಿಳಿ ಹೊಗೆ ತುಂಬಿ, ಆಮೇಲೆ ನಾಲ್ಕೂ ಸೇರ್ಕೊಂಡು ಆ ಹಳೇ ಟಕಟಕ ಶಬ್ದ ಬರತ್ತೆ. ಅಮ್ಮ ಮನೇಲಿದ್ರೆ ಆಗ ಹೊರಗೆ ಕರೀರಿ. ಡೀಸೆಲ್ ಪಂಪ್‌ನ ಸೀಲ್ ಒಣಗಿ ಡೀಸೆಲ್ ಸೋರೋಕೆ ಶುರುವಾದ್ರೆ ಬೇಜಾರಾಗ್ಬೇಡಿ, ಇಷ್ಟು ವರ್ಷ ನಿಂತಿದ್ದಕ್ಕೆ ಅದು ಮಾಮೂಲು, ಪಂಪ್-ನಾಜಲ್ ಕೆಲಸದವರ ಹತ್ರ ಒಂದ್ಸಲ ಬಿಚ್ಚಿ ಸರಿಮಾಡಿಸ್ಬೇಕು. ಒಂದೇ ಒಂದು ಎಚ್ಚರ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರ್ಲಿ. ಈ ಇಂಜಿನ್ ಏನನ್ನಾದ್ರೂ ಸಹಿಸ್ಕೊಳ್ಳತ್ತೆ, ಬಿಸಿ ಏರೋದನ್ನ ಮಾತ್ರ ಸಹಿಸಲ್ಲ, ಹೆಡ್ ಕ್ರ್ಯಾಕ್ ಬಿಡತ್ತೆ. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ರೆ ಆಫ್ ಮಾಡಿ.

ಇಂಜಿನ್ ಶುರುವಾಯ್ತು ಅಂತ ರೋಡಿಗೆ ಇಳಿಸ್ಬೇಡಿ, ನಿಲ್ಲೋದು ಮುಖ್ಯ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳೋ ಸ್ವಭಾವದ್ದು, ನಿಂತ ಗಾಡೀಲಿ ಬ್ರೇಕ್ ಒತ್ತೋ ಭಾಗಗಳಾದ ಹಿಂದಿನ ವೀಲ್ ಸಿಲಿಂಡರ್, ಮುಂದಿನ ಕ್ಯಾಲಿಪರ್ ಒಳಗೇ ತುಕ್ಕು ಹಿಡಿದು ಕಚ್ಕೊಂಡಿರತ್ತೆ. ಎಲ್ಲ ಬಿಚ್ಚಿ, ರಬ್ಬರ್ ಹೋಸ್ ಪೂರ್ತಿ ಹೊಸದು ಹಾಕಿ. ಟೈರ್‌ನಲ್ಲಿ ಗ್ರಿಪ್ ಇದೆ ಅಂತ ಉಳಿಸ್ಬೇಡಿ, ಪಕ್ಕದಲ್ಲಿ ನಾಲ್ಕಂಕಿ ಇರತ್ತೆ, 2217 ಅಂದ್ರೆ 2017ರ 22ನೇ ವಾರದ್ದು, ಅದು ಎತ್ತಿನಗಾಡಿಗೆ ಹೋಗ್ಲಿ.

ಟಿಂಕರಿಂಗ್ ಈಗ. ಪುಟ್ಟಿ ಮೆತ್ತಿ ತೂತು ಮುಚ್ಚೋದಲ್ಲ, ಕೊಳೆತ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡೋದು ಅಂತ ಮೊದಲೇ ಮಾತಾಡ್ಕೊಳ್ಳಿ, ಪುಟ್ಟಿಗೆ ಮುಂಚೆ ಬರೀ ತಗಡು ಕಾಣೋ ಫೋಟೋ ಕೇಳಿ, ಕೊಡಲ್ಲ ಅಂದ್ರೆ ಆ ಶೆಡ್ ಬೇಡ. ಕೈಯಾರೆ ಮಾಡೋ ಆಸೆಗೆ ನಿಮಗೆ ಉಳಿಯೋದು ಒಳಗಿನ ಕೆಲಸ, ಸೀಟು, ರೂಫ್ ಬಟ್ಟೆ, ಬೀಡಿಂಗ್, ಲೈಟು, ಅಂಡರ್‌ಬಾಡಿ ತೊಳೆದು ತುಕ್ಕು ಉಜ್ಜೋದು, ಅದೇ ನಾಲ್ಕು ತಿಂಗಳು ಹಿಡಿಯತ್ತೆ. ಬಿಚ್ಚಿದ ಬೋಲ್ಟ್‌ನ ಒಂದೊಂದು ಜಾಗಕ್ಕೆ ಒಂದೊಂದು ಕವರ್ ಮಾಡಿ ಮೇಲೆ ಪೆನ್ನಲ್ಲಿ ಬರೀರಿ. ನಾನು ಒಂದ್ಸಲ ಎಲ್ಲಾನೂ ಒಂದೇ ಬಕೆಟ್‌ಗೆ ಹಾಕಿದ್ದೆ, ಕೊನೆಗೆ ಹನ್ನೊಂದು ಬೋಲ್ಟ್ ಮಿಕ್ಕಿದ್ವು, ಎಲ್ಲಿದ್ದು ಅಂತ ಇವತ್ತಿಗೂ ಗೊತ್ತಿಲ್ಲ, ಗಾಡಿ ಓಡ್ತಿದೆ. ಸ್ಪೇರ್ಸ್‌ಗೆ ಬೆಂಗಳೂರಲ್ಲಿರೋದೇ ನಿಮಗೆ ಅನುಕೂಲ, ಹೊಸದಕ್ಕೆ ಜೆಸಿ ರೋಡ್, ಬಾಗಿಲು ಲೈಟು ಮೀಟರ್ ಇಂಥ ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ. ಬಿಡದಿಯಲ್ಲೇ ತಯಾರಾಗಿ 2000ದಿಂದ 2005ರವರೆಗೆ ಬಂದ ಗಾಡಿ ಇದು, ಟ್ಯಾಕ್ಸಿಯಾಗಿ ಓಡಿದ್ದೂ ಬೇಕಾದಷ್ಟಿವೆ, ಹಾಗಾಗಿ ಸಾಮಾನು ಇನ್ನೂ ಸಿಗತ್ತೆ. ಬೆಲ್ಟು, ಬೇರಿಂಗ್, ಬ್ರೇಕ್ ಇವು ಮೂರೂ ಒರಿಜಿನಲ್ಲೇ ಇರ್ಲಿ, ಡೂಪ್ಲಿಕೇಟ್ ಬಂಪರ್ ಹಾಕಿದ್ರೆ ಯಾರೂ ಸಾಯಲ್ಲ.

ಪ್ರಶ್ನೆ (ಮೈಸೂರು): ನಮ್ಮ ಮಾವನವರ 1997ರ ಟಾಟಾ ಸುಮೋ ರೆಡಿ ಮಾಡಿಸ್ತಾ ಇದೀವಿ. ಹಿಂದೆ ಎದುರು-ಬದುರು ಸೀಟು, ಮಕ್ಕಳಿಗೆ ಅಲ್ಲೇ ಕೂರ್ಬೇಕು ಅಂತ ಹಟ. ಅಲ್ಲಿ ಬೆಲ್ಟ್ ಇಲ್ಲ. ಹಾಕಿಸ್ಬಹುದಾ ಸರ್?

ಉತ್ತರ: ಅಮ್ಮಾ, ಮಕ್ಕಳ ಹಟ ನನಗೂ ಅರ್ಥ ಆಗತ್ತೆ, ಸುಮೋದ ಮಜಾ ಇದ್ದಿದ್ದೇ ಆ ಹಿಂದಿನ ಸೀಟಲ್ಲಿ. ಆದ್ರೆ ಪಕ್ಕಕ್ಕೆ ಮುಖ ಮಾಡಿ ಕೂತಾಗ ಗಾಡಿ ಗುದ್ದಿದ್ರೆ ದೇಹ ಅಡ್ಡಡ್ಡ ಎಸೆದ ಹಾಗಾಗತ್ತೆ, ಅಲ್ಲಿ ಬೆಲ್ಟ್ ಇದ್ರೂ ಸೊಂಟ, ಕುತ್ತಿಗೆಗೆ ಕಷ್ಟ. ಇನ್ನು ಅಂಗಡಿಯವ್ನು ಬೆಲ್ಟ್ ತಂದು ಫ್ಲೋರ್ ತಗಡಿಗೆ ತೂತು ಹೊಡ್ದು ನಟ್-ಬೋಲ್ಟ್ ಬಿಗಿದ್ರೆ ಅದು ಬರೀ ತೋರಿಕೆಗೆ, ಪೆಟ್ಟು ಬಿದ್ದಾಗ ತಗಡನ್ನೇ ಹರ್ಕೊಂಡು ಬರತ್ತೆ. ಮಕ್ಕಳನ್ನ ಮಧ್ಯದ ಸಾಲಲ್ಲಿ ಮುಂದಕ್ಕೆ ಮುಖ ಮಾಡಿ ಕೂರಿಸಿ. ಅಲ್ಲಿ ಗಾಡಿ ಜೊತೆ ಬಂದ ಬೆಲ್ಟ್ ಪಾಯಿಂಟ್ ಇದ್ರೆ ಅದಕ್ಕೇ ಹೊಸ ಬೆಲ್ಟ್ ಹಾಕಿಸಿ, ಇಲ್ಲದಿದ್ರೆ ಕೆಳಗೆ ಚಾಸಿಗೆ ಸೇರೋ ಹಾಗೆ ದಪ್ಪ ಪ್ಲೇಟ್ ಕೊಟ್ಟು ಮಾಡೋರ ಹತ್ರ ಹೋಗಿ. ಹಿಂದಿನ ಸೀಟು ಲಗೇಜ್‌ಗೆ, ಗಾಡಿ ನಿಂತಾಗ ಊಟಕ್ಕೆ. ಅಂದಹಾಗೆ ಮಕ್ಕಳಿಗೆ ಹೇಳಿ, ಆ ಹೆಸರಿಗೂ ಜಪಾನಿನ ಕುಸ್ತಿಗೂ ಸಂಬಂಧ ಇಲ್ಲ, ಟಾಟಾ ಮೋಟರ್ಸ್ ಕಟ್ಟಿದ ಸುಮಂತ್ ಮೂಲ್‌ಗಾವ್ಕರ್ ಅವರ ಹೆಸರಿನ ಮೊದಲಕ್ಷರಗಳು ಅವು.

ಪ್ರಶ್ನೆ (ದಾವಣಗೆರೆ): 2003ರ ಕ್ವಾಲಿಸ್. ಮ್ಯಾಟ್ ಬ್ಲ್ಯಾಕ್ ಮಾಡ್ಸಿ, ಮುಂದೆ ಬಂಪರ್ ಮೇಲೆ ದೊಡ್ಡ ಕಬ್ಬಿಣದ ಬುಲ್ ಬಾರ್ ಹಾಕಿ, ವಿಂಟೇಜ್ ಪ್ಲೇಟ್ ತಗೋಬೇಕು ಅಂತಿದೀನಿ. ಇನ್ನೋವಾ ಇಂಜಿನ್ ಕೂರಿಸ್ಬಹುದಾ?

ಉತ್ತರ: ವಿಂಟೇಜ್ ಅಂದ್ರೆ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರ್ಬೇಕು, ನಿಮ್ಮದಕ್ಕೆ 2053ರವರೆಗೆ ಕಾಯ್ಬೇಕು. ಬುಲ್ ಬಾರ್ ಬೇಡ ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಹೇಳಿದೆ, ಎದುರಿಗೆ ಸಿಗೋ ಪಾದಚಾರಿಗೆ ಅದು ಗುದ್ದೋ ರೀತಿನೇ ಬೇರೆ. ಬಣ್ಣ ಬದಲಾಯಿಸೋದಾದ್ರೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಬರೆಸ್ಕೊಂಡೇ ಮಾಡಿ, ಇಲ್ಲ ಅಂದ್ರೆ ಫಿಟ್‌ನೆಸ್‌ಗೆ ಹೋದಾಗ ವಾಪಸ್ ಕಳಿಸ್ತಾರೆ. ಇನ್ನೋವಾ ಇಂಜಿನ್ ವಿಷಯ, ಕೂರಿಸ್ಬಹುದು, ಕೂರಿಸಿದೋರೂ ಇದಾರೆ, ಆದ್ರೆ ಇಂಜಿನ್ ನಂಬರ್, ಅನುಮತಿ, ಇನ್ಶೂರೆನ್ಸ್ ಅಂತ ಅಲೆದಾಟ, ಮೇಲಿಂದ ಕಾಮನ್ ರೈಲ್, ಅಂದ್ರೆ ಕಂಪ್ಯೂಟರ್ ನಡೆಸೋ ಡೀಸೆಲ್ ಇಂಜಿನ್ನಿನ ವೈರಿಂಗ್ ತಂದು ಈ ಸಾದಾ ಗಾಡಿಗೆ ಯಾಕೆ ಗಂಟು ಹಾಕ್ತೀರ? ನಿಮಗೆ ಪಿಕಪ್ ಬೇಕಿದ್ರೆ ಇನ್ನೋವಾನೇ ತಗೊಳ್ಳಿ.

ಪ್ರಶ್ನೆ (ಉಡುಪಿ): ಹಳೇ ಗಾಡಿಯ ತಳಕ್ಕೆ ಕಪ್ಪು ಕೋಟಿಂಗ್ ಹೊಡ್ಸಿದೆ, ಎರಡೇ ಮಳೆಗಾಲಕ್ಕೆ ಚಕ್ಕೆ ಚಕ್ಕೆ ಏಳ್ತಾ ಇದೆ. ಮತ್ತೆ ಹೊಡೆಸ್ಲಾ?

ಉತ್ತರ: ಅದರ ಮೇಲೆ ಹೊಡೆಸ್ಬೇಡಿ. ತುಕ್ಕಿನ ಮೇಲೇ ಡಾಂಬರು ಬಳಿದಿದಾರೆ, ಉಪ್ಪುಗಾಳಿಯ ತೇವ ಅದರೊಳಗೆ ಸಿಕ್ಕಾಕ್ಕೊಂಡು ಹೊರಗೆ ಹೋಗೋಕೆ ದಾರಿ ಇಲ್ದೆ ತಗಡನ್ನ ತಿಂತಾ ಇದೆ. ಎಲ್ಲ ಕೆರೆದು ತೆಗೀರಿ, ವೈರ್ ಬ್ರಷ್ ಹಾಕಿ ಉಜ್ಜಿ, ತುಕ್ಕು ಕೊಲ್ಲೋ ಆಸಿಡ್ ಬಳಿದು ಒಣಗಿಸಿ, ಪ್ರೈಮರ್, ಆಮೇಲೆ ಬಣ್ಣ, ಚಾಸಿ ಒಳಗಿನ ಟೊಳ್ಳಿಗೆ ಮಾತ್ರ ವ್ಯಾಕ್ಸ್ ಸ್ಪ್ರೇ. ಬಾಗಿಲುಗಳ ತಳದಲ್ಲಿ ನೀರು ಹೋಗೋ ಚಿಕ್ಕ ತೂತುಗಳಿರ್ತಾವೆ, ಕೋಟಿಂಗ್ ಹೊಡೆದೋನು ಅವನ್ನೂ ಮುಚ್ಚಿರ್ತಾನೆ, ಇವತ್ತೇ ಒಂದು ಸೈಕಲ್ ಕಡ್ಡಿ ತಗೊಂಡು ಚುಚ್ಚಿ ಬಿಡಿಸಿ. ನೀರು ಜುಳುಜುಳು ಅಂತ ಇಳಿದ್ರೆ ಆಶ್ಚರ್ಯ ಪಡ್ಬೇಡಿ, ಕೆಳಗೆ ಬಕೆಟ್ ಇಟ್ಕೊಂಡಿರಿ.